ಸೂಜಿ ತಾಗಿದ ಮುಖಗಳು

ಫೆಬ್ರವರಿ ೬

ಅತ್ತಿಗೆಯವರಿಗೆ ನಮಸ್ಕಾರ.

ಎಷ್ಟು ಸಲ ಫೋನ್ ಮಾಡಿದರೂ ನೀವು ಎತ್ತಲಿಲ್ಲ, ಅದಕ್ಕೇ ಈ ಕಾಗದ. ಮಿಲ್ಲಿಗೆ ಹೊಳೆಯ ನೀರು ಎತ್ತುತ್ತಿದ್ದ ಹಳೆಯ ಪಂಪ್‌ಹೌಸ್ ನೆನಪಿದೆಯಲ್ಲ? ಈಗ ಅದಕ್ಕೆ ಸುಣ್ಣ ಬಳಿಸಿ, ಕಿಟಕಿಗಳಿಗೆ ಗಾಜು ಹಾಕಿಸಿ, ಒಳಗೆ ಕಂಪ್ಯೂಟರುಗಳನ್ನು ಇಟ್ಟಿದ್ದಾರೆ. ಈ ಕಣಿವೆಯ ಕಾರ್ಖಾನೆಗಳ ಚರಿತ್ರೆಯನ್ನೆಲ್ಲ ಡಿಜಿಟಲ್ ಮಾಡಿ ಉಳಿಸುವ ಕೆಲಸ. ನನಗೂ ಅಲ್ಲೇ ಕೆಲಸ ಸಿಕ್ಕಿದೆ. ಮಿಲ್ಲಿನಲ್ಲಿ ಕಾಗದ ವಿಂಗಡಿಸುತ್ತಿದ್ದವಳು ಈಗ ಹಳೆಯ ಕಾಗದಗಳನ್ನು ಸ್ಕ್ಯಾನರಿನ ಮೇಲೆ ಒಂದೊಂದಾಗಿ ಮಲಗಿಸುತ್ತಿದ್ದೇನೆ. ಯಂತ್ರಗಳ ನಕ್ಷೆ, ಪಾಳಿಯ ಸೈರನ್ ಸದ್ದು, ಹಳಬರು ಹೇಳಿದ ಮಾತು, ಎಲ್ಲವೂ ಒಳಗೆ ಹೋಗುತ್ತಿವೆ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ನಮ್ಮ ಹೊಳೆ ಹರಿಯುತ್ತದೆ. ದಂಡೆಯ ಮೇಲೆ ಬೆರಳಿಟ್ಟರೆ ಮರ ಕೊಯ್ಯುವ ಮಿಲ್ಲು, ಎರಕದ ಮನೆ, ನಮ್ಮ ಕಾಗದದ ಮಿಲ್ಲು ಒಂದೊಂದೇ ತೆರೆದುಕೊಳ್ಳುತ್ತವೆ.

ಆದರೆ ಒಳಗೆ ಜನರೇ ಇಲ್ಲ, ಅತ್ತಿಗೆ. ಮಾಲೀಕರು ಯಂತ್ರಗಳ ಫೋಟೋ ತೆಗೆಸಿದ್ದಾರೆ, ಯಂತ್ರದ ಪಕ್ಕ ನಿಂತವರದನ್ನಲ್ಲ. ಜನರ ಫೋಟೋ ತೆಗೆದವನು ಈ ಕಣಿವೆಯಲ್ಲಿ ಅಣ್ಣ ಒಬ್ಬನೇ. ಅವನ ನೆಗೆಟಿವ್‌ಗಳೆಲ್ಲ ನಿಮ್ಮ ಬಳಿ ಇವೆಯೆಂದು ಇಲ್ಲಿ ಎಲ್ಲರಿಗೂ ಗೊತ್ತು. ಬಂದವರೆಲ್ಲ ಕೇಳುತ್ತಾರೆ, "ನಮ್ಮಮ್ಮ ಎಲ್ಲಿ? ನಮ್ಮ ಮಾವ ಎಲ್ಲಿ?" ಅಂತ. ನೀವು ಕಳಿಸಿದರೆ ಅಣ್ಣನ ಹೆಸರನ್ನು ಬಾಗಿಲಲ್ಲೇ ದೊಡ್ಡದಾಗಿ ಹಾಕುತ್ತಾರಂತೆ.

ಕೋಪ ಮಾಡಿಕೊಳ್ಳಬೇಡಿ. ಕೇಳುವುದು ನನ್ನ ಕೆಲಸ, ಕೇಳಿದ್ದೇನೆ.

ನಿಮ್ಮ ನಾದಿನಿ


ಫೆಬ್ರವರಿ ೧೫

ಪುಟ್ಟೀ,

ಫೋನ್ ಎತ್ತುವುದಿಲ್ಲ. ಫೋನಿನಲ್ಲಿ ನೀನು ಅತ್ತರೆ ನಾನು ಹೂಂ ಅಂದುಬಿಡುತ್ತೇನೆ. ಏನಿದ್ದರೂ ಬರೆ.

ಅವರಿಗೆ ಈಗ ಮುಖಗಳು ಬೇಕಂತೋ? ಭೇಷ್! ನಿನ್ನ ಅಣ್ಣ ಬದುಕಿದ್ದಾಗ ಆ ಮುಖಗಳೆಲ್ಲ ಎಲ್ಲಿದ್ದವು, ಕೇಳಿದೆಯಾ?

ಮಿಲ್ಲಿನ ಪೈಪು ಹೊಳೆಗೆ ಕಪ್ಪು ನೀರು ಕಕ್ಕುವುದನ್ನು ನಿನ್ನ ಅಣ್ಣ ಫೋಟೋ ತೆಗೆದರು. ಹೊಟ್ಟೆ ಮೇಲಾಗಿ ತೇಲುವ ಮೀನುಗಳ ಸಮೇತ ಅದು ಪತ್ರಿಕೆಯಲ್ಲಿ ಬಂತು. ಸರ್ಕಾರದವರು ಬಂದು ಒಂದು ಬೇಸಿಗೆ ಪೂರ್ತಿ ಮಿಲ್ಲಿಗೆ ಬೀಗ ಹಾಕಿದರು. ಜನರ ಸಿಟ್ಟು ಹೋದದ್ದು ಪೈಪು ಹಾಕಿಸಿದವನ ಮೇಲಲ್ಲ, ಫೋಟೋ ತೆಗೆದವನ ಮೇಲೆ. ಸ್ಟುಡಿಯೋದ ಮೆಟ್ಟಿಲು ಹತ್ತುವವರೇ ಇಲ್ಲದಾಯಿತು. ಮಿಲ್ಲು ಮತ್ತೆ ತೆರೆದ ಮೇಲೂ ಯಾರೂ ಬರಲಿಲ್ಲ. ಮುಂದಿನ ಗಾಜು ಒಡೆದರು. ಎದುರಿಗೆ ಸಿಕ್ಕರೆ ಗೋಡೆ ನೋಡಿಕೊಂಡು ಹೋದರು.

ಆಮೇಲೆ ಚಳಿಗಾಲದಲ್ಲಿ ನಿನ್ನ ಅಣ್ಣನಿಗೆ ಉಸಿರು ಕಟ್ಟತೊಡಗಿತಲ್ಲ, ಆ ಬೆಳಿಗ್ಗೆ ನಾನು ಓಡಿದ್ದು ಲಾರಿಯವನ ಮನೆಗೆ. ಕಣಿವೆಗೆ ಇದ್ದ ವಾಹನ ಮಿಲ್ಲಿನ ಆ ಲಾರಿ ಒಂದೇ. "ಟೈರ್ ಪಂಕ್ಚರ್ ಆಗಿದೆ ಕಣಮ್ಮ" ಅಂದ. ಹಿಂದೆ ಅವನ ಹೆಂಡತಿ ನಿಂತಿದ್ದಳು. ಬಾಗಿಲು ಮುಚ್ಚಿತು. ವಾಪಸು ಬರುವಾಗ ಲಾರಿಯ ಪ್ರತಿ ಟೈರಿಗೂ ಒದ್ದು ನೋಡಿದೆ. ಕಲ್ಲಿನ ಹಾಗಿದ್ದವು.

ಕೈಗಾಡಿಯಲ್ಲಿ ಮಲಗಿಸಿ ಮುಂದಿನಿಂದ ನಾನು ಎಳೆದೆ, ಹಿಂದಿನಿಂದ ನೀನು ತಳ್ಳಿದೆ. ಬೀದಿಯುದ್ದಕ್ಕೂ ಪರದೆಗಳು ಅಲುಗಾಡಿದವು, ಒಂದು ಬಾಗಿಲೂ ತೆರೆಯಲಿಲ್ಲ. ಸೇತುವೆ ಮುಟ್ಟುವ ಮೊದಲೇ ಅವರ ಕೈ ಕಂಬಳಿಯಿಂದ ಹೊರಗೆ ಜಾರಿತು.

ನೆಗೆಟಿವ್‌ಗಳು ನನ್ನ ಮಂಚದ ಕೆಳಗಿವೆ. ಅಲ್ಲೇ ಇರುತ್ತವೆ. ಆ ಕಣಿವೆಯವರು ಮುಖವಿಲ್ಲದೆ ಹಾಳಾಗಿ ಹೋಗಲಿ.

ಅತ್ತಿಗೆ


ಫೆಬ್ರವರಿ ೨೬

ಅತ್ತಿಗೆ,

ನಾನು ಏನನ್ನೂ ಮರೆತಿಲ್ಲ. ಆ ಗಾಡಿಯ ಹಿಡಿಕೆ ಇವತ್ತಿಗೂ ಅಂಗೈಯಲ್ಲೇ ಇದೆ. ನೀವು ಊರು ಬಿಟ್ಟಿರಿ, ನಾನು ಆ ಜನರ ನಡುವೆಯೇ ಉಳಿದೆ. ಇಬ್ಬರಿಗೂ ಬೇರೆ ದಾರಿ ಇರಲಿಲ್ಲ.

ಒಂದು ವಿಷಯ ಹೇಳಬಾರದು ಅಂದುಕೊಂಡಿದ್ದೆ. ಆ ಲಾರಿಯವರು ದಿನಾ ಪಂಪ್‌ಹೌಸಿಗೆ ಬರುತ್ತಾರೆ. ಈಗ ಎಲ್ಲರ ಬಾಯಲ್ಲೂ ಲಾರಿಯಜ್ಜ. ಹೊರಗಿನ ಬೆಂಚಿನ ಮೇಲೆ ಟೋಪಿ ಮಡಿಲಲ್ಲಿಟ್ಟು ಕೂರುತ್ತಾರೆ. ಅವರ ಮಗಳು ಸತ್ತದ್ದು ನಿಮಗೆ ಆಗಲೇ ಬರೆದಿದ್ದೆ, ನೀವು ಉತ್ತರ ಬರೆದಿರಲಿಲ್ಲ. ಆ ಮಗುವಿನ ಒಂದೇ ಒಂದು ಫೋಟೋ ತೆಗೆದದ್ದು ಅಣ್ಣ. ಅಷ್ಟರಲ್ಲಿ ಪೈಪಿನ ಗಲಾಟೆ ಶುರುವಾಗಿ ಇವರು ಪ್ರಿಂಟು ತೆಗೆದುಕೊಂಡು ಹೋಗಲು ಬರಲೇ ಇಲ್ಲ. ಮನೆಯಲ್ಲಿ ಬೇರೆ ಫೋಟೋ ಇಲ್ಲ. "ಬಂತೇನಮ್ಮಾ?" ಅಂತ ದಿನಾ ಕೇಳುತ್ತಾರೆ. ಆ ಬೆಂಚು ದಾಟಿ ಒಳಗೆ ಹೋಗುವುದು ನನಗೆ ಕಷ್ಟವಾಗಿದೆ.

ನಿಮ್ಮ ನಾದಿನಿ


ಮಾರ್ಚ್ ೯

ಪುಟ್ಟೀ,

ನಿನ್ನ ಕಾಗದ ಓದಿ ಮನಸ್ಸು ಕರಗಿತು. ಎಷ್ಟು ದಿನ ಅಂತ ಹಲ್ಲು ಕಚ್ಚಿಕೊಂಡು ಬದುಕುವುದು? ಹೋದವರು ಹೋದರು. ಮಂಚದ ಕೆಳಗೆ ಕೊಳೆಯುವುದಕ್ಕಿಂತ ಅವೆಲ್ಲ ನಾಲ್ಕು ಜನರ ಕಣ್ಣಿಗೆ ಬೀಳಲಿ.

ನೆಗೆಟಿವ್‌ಗಳನ್ನೆಲ್ಲ ಹತ್ತಿಯಲ್ಲಿ ಸುತ್ತಿ ಪಾರ್ಸೆಲ್ ಮಾಡಿದ್ದೇನೆ. ಲಾರಿಯವನ ಮಗಳದ್ದೂ ಇದೆ, ಮೇಲೆಯೇ ಇಟ್ಟಿದ್ದೇನೆ. ಮೊದಲು ಅದನ್ನೇ ತೆಗೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತೆಗೆ, ಪಾಪ. ಹೇಗೆ ನೋಡಿದ, ಏನಂದ, ಎಲ್ಲವನ್ನೂ ಬಿಡದೆ ಬರೆಯಬೇಕು.

ನಿನ್ನ ಕೆಮ್ಮು ಹೇಗಿದೆ? ಬಿಸಿನೀರು ಕುಡಿ.

ಪ್ರೀತಿಯ ಅತ್ತಿಗೆ


ಮಾರ್ಚ್ ೨೪

ಅತ್ತಿಗೆ,

ಪಾರ್ಸೆಲ್ ಬಂತು. ನೀವು ಹೇಳಿದಂತೆ ಲಾರಿಯಜ್ಜನನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ಪರದೆಯ ಮೇಲೆ ಮಗುವಿನ ಫ್ರಾಕಿನ ಗುಂಡಿಗಳು ಬಂದವು, ಚಪ್ಪಲಿ ಬಂತು, ಸ್ಟುಡಿಯೋದ ಸ್ಟೂಲು ಬಂತು. ಮುಖವಿರಬೇಕಾದ ಕಡೆ ಮಾತ್ರ ಕಪ್ಪು ಗೂಡಿನ ಹಾಗೆ ಗೀರುಗಳು. ಬಹಳ ಹೊತ್ತು ನೋಡಿ, "ಚಪ್ಪಲಿ ಅವಳದೇ" ಅಂದರು. ಎದ್ದು ಹೋದರು.

ಉಳಿದವೂ ಹಾಗೇ. ಯಂತ್ರಗಳು, ಬೆಲ್ಟುಗಳು, ಕಾಗದದ ಉರುಳೆಗಳು ನಿನ್ನೆ ತೆಗೆದಂತಿವೆ. ಜನರ ಮುಖಗಳಷ್ಟೇ ಹೋಗಿವೆ. ತೇವ ತಿಂದಿದೆ ಅಂತ ಎಲ್ಲರಿಗೂ ಹೇಳಿದೆ. ಯಾರೂ ನಿಮ್ಮನ್ನು ದೂರಲಿಲ್ಲ. "ಪಾಪ, ಆಯಮ್ಮ ಒಬ್ಬಳೇ ಎಲ್ಲೆಲ್ಲಿ ಬಾಡಿಗೆಗಿದ್ದು ಇಷ್ಟಾದರೂ ಕಾಪಾಡಿದಾಳಲ್ಲ" ಅಂದರು. ವಿಂಗಡಣೆ ಕೋಣೆಯ ಫೋಟೋದಲ್ಲಿ ಸಾಲಾಗಿ ನಿಂತವರಲ್ಲಿ ನನ್ನೊಬ್ಬಳ ಮುಖ ಸರಿಯಾಗಿದೆ. ನನ್ನನ್ನು ಕಂಡರೆ ತೇವಕ್ಕೂ ಭಯ ಅಂತ ತಮಾಷೆ ಮಾಡಿ ನಕ್ಕರು.

ನಿಮ್ಮ ನಾದಿನಿ


ಏಪ್ರಿಲ್ ೨

ಪುಟ್ಟೀ,

ತೇವವಂತೆ! ನಾನು ಪಾಪವಂತೆ!

ಅದು ತೇವವಲ್ಲ, ಸೂಜಿ. ಕಿಟಕಿಯ ಬಳಿ ಕೂತು, ಒಂದೊಂದು ನೆಗೆಟಿವನ್ನೂ ಬೆಳಕಿಗೆ ಹಿಡಿದು, ಗುರುತು ಹಿಡಿದು ಗೀರಿದ್ದೇನೆ. ಇವನು ಗಾಜು ಒಡೆದವನು, ಗೀರು. ಇವಳು ಪರದೆ ಸರಿಸಿ ನೋಡಿ ಮತ್ತೆ ಎಳೆದುಕೊಂಡವಳು, ಗೀರು. ಆ ಮಗುವಿನ ಮುಖದ ಮೇಲೆ ಸೂಜಿ ಇಟ್ಟಾಗ ಒಂದು ಕ್ಷಣ ಕೈ ತಡೆಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಆ ಟೈರು ನೆನೆಸಿಕೊಂಡೆ. ಕೈ ಮುಂದೆ ಹೋಯಿತು.

ನಿನ್ನನ್ನು ಬಿಟ್ಟೆ. ಯಾಕೆ ಬಿಟ್ಟೆನೆಂದು ಆ ನಗುವವರಿಗೆ ಹೇಳು.

ಈ ಕಾಗದವನ್ನು ಪಂಪ್‌ಹೌಸಿನಲ್ಲಿ ಎಲ್ಲರ ಮುಂದೆ ನಿಂತು ಗಟ್ಟಿಯಾಗಿ ಓದಬೇಕು. ಅವರ ಕನಿಕರ ನನಗೆ ಬೇಡ. ಯಾರು ಮಾಡಿದ್ದು, ಯಾಕೆ ಮಾಡಿದ್ದು ಅಂತ ಗೊತ್ತಾಗದಿದ್ದರೆ ನಾನು ಅಷ್ಟು ದಿನ ಕಣ್ಣು ಹಾಳುಮಾಡಿಕೊಂಡದ್ದು ದಂಡ.

ಅತ್ತಿಗೆ


ಮೇ ೧೧

ಓದಿದೆಯಾ? ಏನಂದರು? ಕಾರ್ಡಿನಲ್ಲಿ ಒಂದು ಸಾಲಾದರೂ ಬರೆ.

ಅತ್ತಿಗೆ


ಜೂನ್ ೩೦

ಅತ್ತಿಗೆ,

ಇಷ್ಟು ದಿನ ಬರೆಯದ್ದಕ್ಕೆ ಬೈಯಿರಿ. ಬರೆಯುವುದು ಹೇಗೆಂದು ತಿಳಿಯಲಿಲ್ಲ.

ನಾನು ಓದಲಿಲ್ಲ. ಸೂಜಿಯೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ದಿನವಿಡೀ ಭೂತಗನ್ನಡಿ ಹಿಡಿದು ಕೂರುವವಳು ನಾನು. ತೇವ ಬರೀ ಮುಖಗಳನ್ನೇ ಹುಡುಕಿಕೊಂಡು ಹೋಗಿ ತಿನ್ನುತ್ತದೆಯೇ? ಅಣ್ಣನನ್ನು ಬಾಯಿಗೆ ಬಂದಂತೆ ಅಂದ ಜನ ಇವರು, ನಿಮ್ಮನ್ನೂ ಅನ್ನಬಾರದು ಅಂತ ತೇವದ ಕಥೆ ಕಟ್ಟಿದೆ.

ಅಷ್ಟರಲ್ಲಿ ಬೇರೆಯೇ ಆಯಿತು. ನಮ್ಮಲ್ಲಿ ಒಬ್ಬರು ಕಂಪ್ಯೂಟರ್ ಮೇಷ್ಟ್ರಿದ್ದಾರೆ, ನಿವೃತ್ತರು. ಎಂಥ ಮುರುಕಲನ್ನು ಕೊಟ್ಟರೂ ಜೋಡಿಸದೆ ಬಿಡುವವರಲ್ಲ. "ಹೋದ ಮುಖಕ್ಕೆಲ್ಲ ಕಂಪ್ಯೂಟರೇ ಮುಖ ತುಂಬಿಸುತ್ತೆ, ನೋಡ್ತಾ ಇರಿ" ಅಂದರು. ತುಂಬಿಸಿಯೂ ಬಿಟ್ಟರು. ಯಾರ ಮುಖವೋ ಏನೋ, ನೋಡಲು ಚೆನ್ನಾಗಿವೆ, ಎಲ್ಲರದ್ದೂ ಹಿತವಾದ ನಗು. ಉದ್ಘಾಟನೆಯ ದಿನ ಜನವೋ ಜನ. ಪರದೆಯ ಮುಂದೆ ನಿಂತು, "ಅಯ್ಯೋ ಅತ್ತೆ! ಅದೇ ಕಣ್ಣು!" ಅಂತ ಅತ್ತರು. ಆ ಅತ್ತೆಗೆ ಒಂದು ಕಣ್ಣು ಸಣ್ಣದಿತ್ತು. ನಾನು ಅವಳ ಪಕ್ಕದಲ್ಲಿ ನಿಂತು ಕೆಲಸ ಮಾಡಿದವಳು, ಬಾಯಿ ಬಿಡಲಿಲ್ಲ.

ಲಾರಿಯಜ್ಜನ ಮಗಳಿಗೂ ಮುಖ ಬಂತು. ಮೇಷ್ಟ್ರು ಹೋಲಿಕೆಗೆಂದು ಅಜ್ಜನ ಹಳೆಯ ಲೈಸೆನ್ಸಿನ ಫೋಟೋ ಕೇಳಿ ತೆಗೆದುಕೊಂಡಿದ್ದರು. "ನನ್ನ ಹಾಗೇ ಇದಾಳೆ ನೋಡಿ, ನನ್ನದೇ ಗಲ್ಲ!" ಅಂತ ಕಂಡಕಂಡವರನ್ನು ಎಳೆದು ತೋರಿಸಿದರು. ಪ್ರಿಂಟು ಹಾಕಿಸಿ ಚೌಕಟ್ಟು ಕಟ್ಟಿಸಿ ಮನೆಗೂ ಒಯ್ದಿದ್ದಾರೆ. ದಿನಾ ಬೆಳಿಗ್ಗೆ ಅದಕ್ಕೆ ಮುತ್ತು ಕೊಡುತ್ತಾರಂತೆ. ಹಾಗಿದ್ದೂ ದಿನಾ ಇಲ್ಲಿಗೆ ಬಂದು ಪರದೆಯ ಮುಂದೆ ನಿಲ್ಲುತ್ತಾರೆ.

ಅತ್ತಿಗೆ, ನನಗೆ ಇದು ಸರಿ ಕಾಣುತ್ತಿಲ್ಲ. ಮುಂದೆ ಎಂದೋ ನೋಡುವವರು ಈ ಮುಖಗಳನ್ನೇ ನಿಜವೆನ್ನುತ್ತಾರೆ. ಆದರೆ ಇಲ್ಲಿ ಎಲ್ಲರೂ ಹಾಲು ಕುಡಿದಷ್ಟು ಖುಷಿಯಾಗಿರುವಾಗ ಯಾರಿಗೆ ಹೇಳಲಿ?

ನಿಮ್ಮ ನಾದಿನಿ


ಜುಲೈ ೮

ಪುಟ್ಟೀ,

ನಿನ್ನ ಕಾಗದ ಕೈಯಲ್ಲಿ ಹಿಡಿದು ಅಡಿಗೆಮನೆಯಲ್ಲಿ ಒಬ್ಬಳೇ ನಕ್ಕೆ. ಮೊದಲು ನಗು, ಆಮೇಲೆ ಮೈಯೆಲ್ಲ ಉರಿ. ನಾನು ಅವರಿಂದ ಕಿತ್ತುಕೊಂಡದ್ದನ್ನು ಒಂದು ಯಂತ್ರ ಕೂತಲ್ಲೇ ವಾಪಸು ಕೊಟ್ಟಿತು ಅಂತಾಯಿತಲ್ಲ!

ಉಳಿದವರು ಯಾರ ಮುಖಕ್ಕಾದರೂ ಅಳಲಿ. ಅವನನ್ನು ಮಾತ್ರ ಬಿಡುವುದಿಲ್ಲ. ಇದರ ಜೊತೆಗಿರುವುದು ಅವನು ಬಂದು ಒಯ್ಯದ ಪ್ರಿಂಟು. ನಿನ್ನ ಅಣ್ಣ ತಾವೇ ತೊಳೆದು, ಒಣಗಿಸಿ, ಲಕೋಟೆಯಲ್ಲಿಟ್ಟದ್ದು. ಅವರ ಕೈಯ ಕೆಲಸವೆಂದು ಇದಕ್ಕೆ ಸೂಜಿ ಮುಟ್ಟಿಸಲಿಲ್ಲ. ಮೂರು ವರ್ಷದ ಮಗು, ಸ್ಟೂಲಿನ ಮೇಲೆ ನಿಂತಿದೆ. ಇದು ನಿಜವಾದ ಮುಖ.

ಅವನ ಮುಂದೆ ಇಡು. ಹೀಗೆ ಹೇಳು: ನೀನು ದಿನಾ ಮುತ್ತು ಕೊಡುತ್ತಿರುವುದು ಯಾರಿಗೂ ಹುಟ್ಟದ ಮಗುವಿಗೆ, ನಿನ್ನ ಮಗಳು ಇವಳು, ಸ್ವಂತ ಮಗಳ ಗುರುತು ನಿನಗೆ ಸಿಗಲಿಲ್ಲ. ಒಂದು ಮಾತೂ ಬಿಡಬೇಡ. ಅವನ ಮುಖ ಹೇಗೆ ಬಾಡಿತೆಂದು ನನಗೆ ಬರೆ. ಅವನನ್ನು ನೋಯಿಸಲು ನನ್ನ ಹತ್ತಿರ ಇನ್ನೇನೂ ಉಳಿದಿಲ್ಲ, ಅಷ್ಟನ್ನು ಓದಿ ತಣ್ಣಗಾಗುತ್ತೇನೆ.

ನನ್ನ ಮೇಲೆ ಆಣೆ. ಈ ಸಲ ಕಥೆ ಕಟ್ಟಬೇಡ.

ಅತ್ತಿಗೆ


ಆಗಸ್ಟ್ ೩

ಅತ್ತಿಗೆ,

ಆಣೆ ಹಾಕಿದಿರಿ, ಅದಕ್ಕೆ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಅವರು ಎಂದಿನಂತೆ ಪರದೆಯ ಮುಂದೆ ನಿಂತಿದ್ದರು. ಮೇಜಿನ ಹತ್ತಿರ ಕರೆದು ಪ್ರಿಂಟು ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು.

"ಯಾರಮ್ಮ ಇದು?"

"ನಿಮ್ಮ ಮಗಳು. ಅಣ್ಣ ಅವತ್ತು ತೆಗೆದದ್ದು ಇದೇ. ಆ ಪರದೆಯಲ್ಲಿರೋದು ಕಂಪ್ಯೂಟರ್ ಮಾಡಿದ ಮುಖ."

"ಛೇ ಛೇ. ನನ್ನ ಮಗಳು ನನ್ನ ಹಾಗಿದ್ಲು. ಈ ಮೂಗು ನೋಡು, ಇದು ನಮ್ಮ ಕಡೆ ಯಾರಿಗಿದೆ?"

ನೀವು ಹೇಳಿಕಳಿಸಿದ ಮಾತನ್ನೆಲ್ಲ ಹೇಳಿದೆ. ಮುತ್ತಿನ ಮಾತನ್ನೂ ಬಿಡಲಿಲ್ಲ. ಅವರ ಮುಖ ಬಾಡಲಿಲ್ಲ, ಅತ್ತಿಗೆ. ಬದಲಿಗೆ ನನ್ನನ್ನೇ ಅಯ್ಯೋ ಪಾಪ ಅನ್ನುವಂತೆ ನೋಡಿದರು.

"ಆಯಮ್ಮ ಕಳಿಸಿದ್ದೋ? ಹಾಗೆ ಹೇಳು. ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ಅವಳಿಗೆ. ಇರಲಿ, ನಾನು ಮಾಡಿದ್ದೂ ಅಂಥದ್ದೇ. ಆದ್ರೆ ಯಾರದೋ ಮಗೂನ ತೋರಿಸಿ ನಿನ್ನದು ಅಂದ್ರೆ ನಾನು ಒಪ್ಪೋದು ಹೇಗೆ?"

ಪ್ರಿಂಟನ್ನು ಬೋರಲು ಹಾಕಿ ಮತ್ತೆ ಪರದೆಯ ಮುಂದೆ ಹೋಗಿ ನಿಂತರು.

ಮರುದಿನ ಅವರ ಹೆಂಡತಿ ಬಂದರು. ಉದ್ಘಾಟನೆಗೂ ಬಾರದವರು. ಗಂಡ ಮನೆಯಲ್ಲಿ ಇದನ್ನು ತಮಾಷೆಯಾಗಿ ಹೇಳಿದ್ದರಂತೆ. ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತೇ ಕೇಳಿದರು, "ಎಲ್ಲಿ?"

ಕೊಟ್ಟೆ. ಮಗುವಿನ ಹಣೆಯ ಮೇಲೆ ಬೆರಳಿಟ್ಟರು. "ಮುಂಗೂದಲು ನಾನೇ ಕತ್ತರಿಸಿದ್ದೆ. ಸೊಟ್ಟ ಆಗಿಬಿಟ್ಟಿತ್ತು. ಫೋಟೋಕ್ಕೆ ಹೀಗೇ ಹೋಗೋದಾ ಅಂತ ಅವತ್ತು ನನಗೇ ನಾಚಿಕೆ" ಅಂದರು. ನಾನು ಫೋಟೋ ನೋಡಿದೆ, ಅವರನ್ನು ನೋಡಿದೆ. ಅದೇ ಮೂಗು.

"ನಿಮ್ಮದೇ ಅಚ್ಚು" ಅಂದೆ.

"ಹೂಂ. ಅವರ ಮನೆಯವರಿಗೆ ಅದೇ ಸಂಕಟವಾಗಿತ್ತು."

"ನೀವು ಹೇಳಿದ್ರೆ ಅಜ್ಜ ನಂಬ್ತಾರೆ. ಇವತ್ತೇ ಹೇಳಿಬಿಡಿ."

"ಬೇಡ."

ಆಮೇಲೆ ಕೂತರು. ಮಿಲ್ಲು ಪೂರ್ತಿ ಮುಚ್ಚಿದ ವರ್ಷ ಮ್ಯಾನೇಜರು ಮನೆ ಖಾಲಿ ಮಾಡುವ ದಿನ ಮಗುವಿಗೆ ಜ್ವರ ನೆತ್ತಿಗೇರಿತ್ತಂತೆ. "ಲಾರಿ ಬಾಗಿಲಲ್ಲೇ ಇತ್ತು. ಮೊದಲು ಆಸ್ಪತ್ರೆಗೆ ಬಿಟ್ಟು ಹೋಗಿ ಅಂದೆ. ಜ್ವರ ತಾನೆ, ಮಧ್ಯಾಹ್ನಕ್ಕೆ ಬಂದುಬಿಡ್ತೀನಿ ಅಂದ್ರು. ಸಾಹೇಬರ ಕಪಾಟು ಇಳಿಸಿ, ಮಂಚ ಇಳಿಸಿ, ಅಲ್ಲೇ ಊಟ ಮುಗಿಸಿ ಬಂದ್ರು. ಮಗು ಕಾಯಲಿಲ್ಲ. ಅವತ್ತಿಂದ ನಾನು ಅದರ ಮಾತೇ ಎತ್ತಿಲ್ಲ. ಮರೆತಿದಾಳೆ ಅಂದ್ಕೊಂಡಿದಾರೆ. ಈಗ ದಿನಾ ಆ ಚೌಕಟ್ಟಿಗೆ ಮುತ್ತು. ಕೊಡಲಿ ಬಿಡು. ಅವರಿಗೆ ಅವರ ಮುಖವೇ ಸಾಕು. ಮಗಳು ನನಗಿರಲಿ."

"ಎಂದಿಗೂ ಹೇಳಲ್ವಾ?"

"ಅವರ ಕೊನೆಗಾಲದಲ್ಲಿ ಹೇಳಬಹುದು, ಕಣ್ಣು ಕಿವಿ ಇನ್ನೂ ಇರುವಾಗಲೇ. ಅದನ್ನ ಇನ್ನೂ ಯೋಚನೆ ಮಾಡಿಲ್ಲ." ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಹೊರಡುವಾಗ ನಿಮ್ಮನ್ನು ಕೇಳಿದರು. "ನಿಮ್ಮತ್ತಿಗೆಗೆ ಒಂದು ಹೇಳು. ಅವತ್ತು ಬಾಗಿಲು ಮುಚ್ಚಿದ್ದು ನಾನಲ್ಲ. ಕೀಲಿ ಕೊಡಿ, ಬೇರೆ ಯಾರಾದ್ರೂ ಓಡಿಸ್ಕೊಂಡು ಹೋಗಲಿ ಅಂತ ನಾನು ಜಗಳಕ್ಕೆ ಬಿದ್ದಿದ್ದೆ. ಅದು ಬೀದಿಗೆ ಕೇಳಬಾರದು ಅಂತ ಅವರು ಮುಚ್ಚಿದ್ದು." ಪ್ರಿಂಟನ್ನು ಎದೆಗಾನಿಸಿಕೊಂಡು ಹಿಂದಿನ ದಾರಿಯಿಂದ ಹೋದರು.

ಇನ್ನೊಂದು. ಸಂಗ್ರಹದಲ್ಲಿ ಫೋಟೋಗಳ ಕೆಳಗೆ 'ತೇವದಿಂದ ಹಾಳಾದದ್ದು' ಅಂತ ನಾನೇ ಬರೆದಿದ್ದೆ. ಅದನ್ನು ಅಳಿಸಿದೆ. ಗೀರಿದ ನೆಗೆಟಿವ್‌ಗಳನ್ನು ಇದ್ದ ಹಾಗೇ ಪಕ್ಕದಲ್ಲಿ ಹಾಕಿ, 'ಛಾಯಾಗ್ರಾಹಕನ ಹೆಂಡತಿ ಸೂಜಿಯಿಂದ ಗೀರಿದ್ದು' ಅಂತ ಬರೆದು, ಕೈಗಾಡಿಯ ಕಥೆಯನ್ನೂ ಕೆಳಗೆ ಸೇರಿಸಿದೆ. ಮೇಷ್ಟ್ರು ಮುಖ ಗಂಟಿಕ್ಕಿದ್ದಾರೆ. ಬೀದಿಯಲ್ಲಿ ಕೆಲವರು ನನ್ನ ಕಂಡರೆ ಗೋಡೆ ನೋಡಲು ಶುರುಮಾಡಿದ್ದಾರೆ. ನೋಡಲಿ.

ನಿಮ್ಮ ನಾದಿನಿ


ಆಗಸ್ಟ್ ೧೪

ಪುಟ್ಟೀ,

ಅವನ ಮುಖ ಬಾಡಿದ್ದನ್ನು ಓದಲು ಕಾದು ಕೂತಿದ್ದೆ. ಅದು ಸಿಗಲಿಲ್ಲ. ಸಿಕ್ಕಿದ್ದನ್ನು ಓದಿ, ಕಾಗದ ಮಡಿಚಿ, ಮತ್ತೆ ಬಿಡಿಸಿ ಓದಿದೆ.

ಇಷ್ಟು ವರ್ಷ ನಾನು ದೂರದಲ್ಲಿ ಕೂತು ಅವನನ್ನು ಶಪಿಸಿದೆ. ಅವಳು ಅವನೆದುರೇ ಕೂತು ದಿನಾ ಅನ್ನ ಬಡಿಸಿದಳು. ಅವಳ ಸಿಟ್ಟಿನ ಮುಂದೆ ನನ್ನದು ಮಕ್ಕಳಾಟ. ಆ ಬಾಗಿಲ ಹಿಂದೆ ಅವಳಿದ್ದದ್ದು ನನಗೆ ಗೊತ್ತಿತ್ತು. ಏನು ಮಾಡುತ್ತಿದ್ದಳೆಂದು ಮಾತ್ರ ನಾನೇ ಊಹಿಸಿಕೊಂಡು ಅವಳನ್ನೂ ಶಪಿಸಿದ್ದೆ. ಅದನ್ನು ವಾಪಸು ತೆಗೆದುಕೊಂಡಿದ್ದೇನೆಂದು ಹೇಳು. ಅವನದ್ದು ಅವನಿಗೇ ಇರಲಿ.

ನೀನು ಬರೆದದ್ದನ್ನು ಯಾರು ಏನೆಂದರೂ ಅಳಿಸಬೇಡ. ಯಾರಾದರೂ ತೀರ ಕಾಟ ಕೊಟ್ಟರೆ ಗಂಟು ಕಟ್ಟಿಕೊಂಡು ಇಲ್ಲಿಗೆ ಬಾ. ಮಂಚದ ಕೆಳಗೆ ಈಗ ಜಾಗವಿದೆ.

ಇದರೊಳಗೆ ಇನ್ನೊಂದು ಪ್ರಿಂಟು ಇದೆ. ಆ ದಿನ ಮಗು ಸ್ಟೂಲಿನ ಮೇಲೆ ಒಂಟಿಯಾಗಿ ನಿಲ್ಲಲು ಒಪ್ಪದೆ ರಂಪ ಮಾಡಿತ್ತು. ತಾಯಿ ಎತ್ತಿಕೊಂಡು ರಮಿಸುವಾಗ ನಿನ್ನ ಅಣ್ಣ ಯಾರನ್ನೂ ಕೇಳದೆ ಒಂದು ತೆಗೆದುಬಿಟ್ಟರು. ಕೆನ್ನೆಗೆ ಕೆನ್ನೆ ಅಂಟಿದೆ, ಇಬ್ಬರ ಬಾಯೂ ತೆರೆದಿದೆ, ಮಗು ಅಳುತ್ತಿದೆ, ಅವಳು ನಗುತ್ತಿದ್ದಾಳೆ. ಇಂಥದ್ದೊಂದು ಇದೆಯೆಂದು ಅವಳಿಗೇ ಗೊತ್ತಿಲ್ಲ.

ಇದನ್ನು ಸ್ಕ್ಯಾನ್ ಮಾಡಬೇಡ. ಪರದೆಗೂ ಹಾಕಬೇಡ, ಮೇಷ್ಟ್ರಿಗೂ ತೋರಿಸಬೇಡ. ಅವನು ಪಂಪ್‌ಹೌಸಿನಲ್ಲಿ ಆ ಯಾರದ್ದೋ ಮುಖದ ಮುಂದೆ ನಿಂತಿರುವ ಹೊತ್ತು ನೋಡಿಕೊಂಡು, ಅವರ ಮನೆಗೆ ಹೋಗಿ, ಅವಳ ಕೈಗೆ ಕೊಟ್ಟು ಬಾ.

ಅತ್ತಿಗೆ